ಗಂಟಲಿಲ್ಲದ ಡ್ರೋನು

ಹೊಳೆ ಬಳುಕಿ ತಿರುಗುವ ಕಡೆ ಒಂದು ಆಶ್ರಮವಿತ್ತು. ಆಶ್ರಮ ಅನ್ನೋದು ಹೆಸರಿಗೆ. ಇದ್ದದ್ದು ಎರಡು ಹೆಂಚಿನ ಕೋಣೆ, ಒಂದು ಹಲಸಿನ ಮರ, ಮರದಡಿ ಒಂದು ಕಲ್ಲುಚಪ್ಪಡಿ.

ಆ ಚಪ್ಪಡಿಯ ಮೇಲೆ ಮುದ್ದಯ್ಯ ಗುರುಗಳು ಕೂರುತ್ತಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಮೊದಲೆಲ್ಲ ದಿನಾ ಹಿಂದಿನ ಗುಡ್ಡ ಹತ್ತಿ, ಹೊಳೆ ಅಷ್ಟುದ್ದಕ್ಕೂ ಹರಿಯೋದನ್ನು ಕಣ್ತುಂಬ ನೋಡಿ ಬರುತ್ತಿದ್ದರು. ಎರಡು ವರ್ಷದಿಂದ ಮಂಡಿ ಕೈಕೊಟ್ಟಿತ್ತು.

ಶಿಷ್ಯ ಲೋಹಿತನಿಗೆ ಅದೊಂದು ಕೊರಗು. ಅವನ ಅಕ್ಕ ಒಂದು ಪುಟ್ಟ ಡ್ರೋನು ಕಳಿಸಿದಾಗ ಅವನಿಗೆ ಮೊದಲು ಹೊಳೆದದ್ದೇ ಇದು. ಗುರುಗಳು ಗುಡ್ಡ ಹತ್ತದಿದ್ದರೇನಂತೆ, ಗುಡ್ಡದ ಮೇಲಿನ ನೋಟವನ್ನೇ ಚಪ್ಪಡಿಗೆ ತಂದರಾಯಿತು!

"ಗುರುಗಳೇ, ಇದನ್ನು ಹಾರಿಸಲಾ?"

"ಇದಕ್ಕೆ ಕಾನೂನು ಕಟ್ಟಳೆ ಇಲ್ಲವೇನೋ?"

"ಇರಬೇಕು."

"ಇರಬೇಕು ಅಂದರೆ? ಕಲಿತು ಬಾ. ಆಮೇಲೆ ಮಾತು."

ಲೋಹಿತ ಹದಿನೈದು ದಿನ ಫೋನು ಹಿಡಿದು ಕೂತ. ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಡ್ರೋನಿನ ಹೊಟ್ಟೆಗೆ ಅಂಟಿಸಿದ. ನಿಯಮಗಳನ್ನೆಲ್ಲ ಬರೆದುಕೊಂಡು, ಹಲಸಿನ ಮರಕ್ಕೆ ಸುತ್ತು ಹಾಕುತ್ತಾ ಬಾಯಿಪಾಠ ಮಾಡಿದ. ಮಂತ್ರವನ್ನೂ ಅವನು ಅಷ್ಟು ಶ್ರದ್ಧೆಯಿಂದ ಕಲಿತವನಲ್ಲ, ಸುಳ್ಳೇಕೆ ಹೇಳಲಿ.

ಹದಿನಾರನೇ ದಿನ ಗುರುಗಳ ಮುಂದೆ ಕೈಕಟ್ಟಿ ನಿಂತು ಒಪ್ಪಿಸಿದ.

"ಸರ್ಕಾರದ ನಕ್ಷೆಯಲ್ಲಿ ಕೆಂಪು ಇರುವ ಕಡೆ ಹಾರಿಸೋ ಹಾಗಿಲ್ಲ. ಹಳದಿ ಇದ್ದರೆ ಅಪ್ಪಣೆ ಬೇಕು. ನಮ್ಮ ಜಾಗ ಹಸಿರು. ನಾನೂರಡಿಗಿಂತ ಮೇಲೆ ಹೋಗಬಾರದು. ಡ್ರೋನು ಕಣ್ಣಿಗೆ ಮರೆಯಾಗಬಾರದು. ಜನ ಸೇರಿದ ಕಡೆ ತಲೆಯ ಮೇಲೆ ಹಾರಿಸಬಾರದು. ಹೆಲಿಕಾಪ್ಟರ್ ಸದ್ದು ಕೇಳಿದರೆ ತಕ್ಷಣ ಇಳಿಸಬೇಕು. ಗಾಳಿ ಮಳೆಯಲ್ಲಿ ಬೇಡ. ಕೊನೆಯದು, ಇನ್ನೊಬ್ಬರ ಖಾಸಗಿ ಬದುಕಿಗೆ ಅಡ್ಡಿ ಮಾಡಬಾರದು."

ಒಂದೇ ಉಸಿರಿಗೆ ಹೇಳಿ ಮುಗಿಸಿದ. ಎಲ್ಲೂ ತಡವರಿಸಲಿಲ್ಲ.

"ಭೇಷ್," ಅಂದರು ಗುರುಗಳು. "ಹಾರಿಸು. ಯಾರಾದರೂ ದೂರು ತಂದರೆ ನಿಲ್ಲಿಸು."

ಬೆಳಗಿನ ಹೊತ್ತು ಗಾಳಿ ಕಮ್ಮಿ. ಆದ್ದರಿಂದ ಲೋಹಿತ ಸೂರ್ಯ ಹುಟ್ಟುತ್ತಲೇ ಡ್ರೋನು ಎತ್ತಿದ. ಅದು ಗುಂಯ್ ಅನ್ನುತ್ತಾ ಮೇಲೇರಿತು. ಫೋನಿನಲ್ಲಿ ಹೊಳೆ ಪೂರಾ ಕಾಣಿಸಿತು. ಆನೆಬಂಡೆ, ಅದರಾಚೆಯ ಊರು, ಗದ್ದೆಬಯಲು, ಎಲ್ಲ.

ಗುರುಗಳು ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಎಷ್ಟು ಚೆಂದವಾಗಿದೆಯೋ!" ಅಂದರು. ಎರಡು ವರ್ಷದ ಮೇಲೆ ಹೊಳೆಯನ್ನು ಇಡಿಯಾಗಿ ನೋಡಿದ ಸಂತೋಷಕ್ಕೆ ಮುದುಕರ ಕಣ್ಣು ಒದ್ದೆಯಾಯಿತು.

"ಬಂಡೆಯಾಚೆ ಈ ಬಿಳಿ ಚುಕ್ಕೆಗಳು ಏನೋ?"

"ಯಾರೋ ಬಟ್ಟೆ ಒಣಗಿಸಿರಬೇಕು ಗುರುಗಳೇ."

ಲೋಹಿತ ದಿನಾ ಹಾರಿಸಿದ. ದೂರು ಬರಲಿಲ್ಲ. ಆದರೆ ಸೊಪ್ಪೂ ಬರಲಿಲ್ಲ.

ಆಶ್ರಮಕ್ಕೆ ಸೊಪ್ಪು ತರುತ್ತಿದ್ದವಳು ಆಚೆ ಊರಿನ ತಾಯಮ್ಮ. ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಹೊಳೆದಂಡೆಯ ಹೊನಗೊನ್ನೆ ಸೊಪ್ಪು ಕಿತ್ತು, ಜವರಯ್ಯನ ತೆಪ್ಪ ಹತ್ತಿ ಬಂದು ಕೊಟ್ಟು ಹೋಗುವುದು ಅವಳ ಪದ್ಧತಿ. ಗುರುಗಳು ಪ್ರಪಂಚದ ಆಸೆಗಳನ್ನೆಲ್ಲ ಬಿಟ್ಟವರು, ಸೊಪ್ಪಿನ ಸಾರು ಒಂದನ್ನು ಬಿಟ್ಟು.

ಎಂಟನೇ ದಿನ ಅವರು ತಟ್ಟೆ ನೋಡಿದರು.

"ಇವತ್ತೂ ಬರೀ ಬೇಳೆಸಾರಾ?"

"ತಾಯಮ್ಮ ಬಂದಿಲ್ಲ ಗುರುಗಳೇ."

"ಎಷ್ಟು ದಿನವಾಯಿತು?"

ಲೋಹಿತ ಲೆಕ್ಕ ಹಾಕಿದ. "ಒಂದು ವಾರ."

ಗುರುಗಳು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಬೆಳಿಗ್ಗೆ ಹೋಗಿ ಕೇಳಿಕೊಂಡು ಬಾ."

ಮರುದಿನ ಲೋಹಿತ ಡ್ರೋನು ಮುಟ್ಟಲಿಲ್ಲ. ತೆಪ್ಪ ಹತ್ತಿದ. ಮೂರು ವರ್ಷದಿಂದ ಆಶ್ರಮದಲ್ಲಿದ್ದರೂ ಬೆಳಗಿನ ತೆಪ್ಪದಲ್ಲಿ ಅವನು ಹೋದದ್ದು ಅದೇ ಮೊದಲು.

ಆನೆಬಂಡೆ ಹತ್ತಿರ ಬಂತು. ಜವರಯ್ಯ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ಹೂಯ್! ತೆಪ್ಪ ಬತ್ತಾ ಅದೇ!"

ಆಮೇಲೆ ಸುಮ್ಮನೆ ಕೂತ. ತೆಪ್ಪ ನಿಂತಲ್ಲೇ ತಿರುಗುತ್ತಿತ್ತು.

ಈ ಕೂಗನ್ನು ಲೋಹಿತ ಮೂರು ವರ್ಷದಿಂದ ಚಪ್ಪಡಿಯ ಮೇಲೆ ಕೂತು ಕೇಳಿದ್ದ. ಜವರಯ್ಯ ಖುಷಿಗೆ ಕೂಗುತ್ತಾನೆ ಅಂದುಕೊಂಡಿದ್ದ.

"ಯಾಕೆ ನಿಲ್ಲಿಸಿದೆ ಜವರಯ್ಯ?"

"ಬಂಡೆ ಆಚೆಗೆ ಹೆಂಗಸ್ರ ಸೋಪಾನಕಟ್ಟೆ ಕಣ್ ಲೋಹಿತಪ್ಪ. ಮೀತಾ ಇರ್ತಾರೆ. ಇಲ್ಲಿಂದ್ಲೇ ಕೂಗ್ಬೇಕು. ಅವ್ರು ಸೀರೆ ಸರಿ ಮಾಡ್ಕೊಂಡು 'ಬರ್ಲಿ' ಅಂದ್ಮೇಲೆ ಹೋಗ್ಬೇಕು. ನಮ್ಮಪ್ಪನ ಕಾಲದಿಂದ್ಲೂ ಹಿಂಗೇ."

"ಇವತ್ತು ಯಾರೂ ಅನ್ನಲಿಲ್ಲವಲ್ಲ?"

"ಯಾರಾದ್ರೂ ಇದ್ರೆ ತಾನೆ ಅನ್ನಕ್ಕೆ?"

ಜವರಯ್ಯ ಇನ್ನೂ ಸ್ವಲ್ಪ ಹೊತ್ತು ಕಾದು ಹುಟ್ಟು ಹಾಕಿದ. ತೆಪ್ಪ ಬಂಡೆ ದಾಟಿತು. ಕಟ್ಟೆಯ ಮೆಟ್ಟಿಲುಗಳು ಒಣಗಿ ಬಿಸಿಲಿಗೆ ಬಿದ್ದಿದ್ದವು. ಒಂದು ಕಾಲಿನ ಗುರುತೂ ಇರಲಿಲ್ಲ.

"ನಾನಾದ್ರೆ ಕೂಗ್ತೀನಿ," ಅಂದ ಜವರಯ್ಯ, ಅವನ ಮುಖ ನೋಡದೆ. "ನಿನ್ನ ಡ್ರೋನಿಗೆ ಗಂಟಲಿಲ್ವಲ್ಲ."

ಲೋಹಿತನಿಗೆ ಫೋನಿನಲ್ಲಿ ಕಂಡಿದ್ದ ಬಿಳಿ ಚುಕ್ಕೆಗಳು ನೆನಪಾದವು.

ತಾಯಮ್ಮ ಮನೆಯ ಹಿಂದೆ ಮೀಯೋದಕ್ಕೆ ತೆಂಗಿನ ಗರಿಯ ಮರೆ ಕಟ್ಟಿಕೊಂಡಿದ್ದಳು. ಬೋರಿನಿಂದ ಬಿಂದಿಗೆ ಹೊತ್ತು ತಂದು, ಸೊಂಟ ಹಿಡಿದುಕೊಂಡು ಇಳಿಸುತ್ತಿದ್ದಳು. ಲೋಹಿತ ಓಡಿಹೋಗಿ ಬಿಂದಿಗೆ ಹಿಡಿದ.

"ಅವ್ವಾ, ಒಂದು ಮಾತು ಹೇಳಬಾರದಿತ್ತಾ? ಅವತ್ತೇ ನಿಲ್ಲಿಸುತ್ತಿದ್ದೆ."

"ಆಶ್ರಮದ್ದು ಅಂದ್ರು. ಗುರುಗಳ ಮೇಲೆ ಯಾರ್ ಹತ್ರ ದೂರು ಹೇಳನ?"

"ನಾನು ನಿಮ್ಮನ್ನು ನೋಡಲಿಲ್ಲ ಅವ್ವಾ. ಆಣೆ ಮಾಡ್ತೀನಿ. ಹೊಳೆ ನೋಡ್ತಿದ್ದೆ."

ತಾಯಮ್ಮನಿಗೆ ಸಿಟ್ಟೇನೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ನೋಡ್ಲಿಲ್ಲ ಅನ್ನೋದು ನಿಂಗೆ ಗೊತ್ತು ಕಣ್ ಮಗ," ಅಂದಳು. "ನೀರಲ್ಲಿ ನಿಂತಿರೋಳ್ಗೆ ಹೆಂಗ್ ಗೊತ್ತಾಗ್ಬೇಕು?"

ಲೋಹಿತ ವಾಪಸು ಬಂದು ಗುರುಗಳ ಮುಂದೆ ಕುಸಿದು ಕೂತ. ನಡೆದದ್ದನ್ನೆಲ್ಲ ಹೇಳಿದ. ತೆಗೆದಿದ್ದ ವಿಡಿಯೊಗಳನ್ನೆಲ್ಲ ಅವರೆದುರಿಗೇ ಅಳಿಸಿಹಾಕಿದ, ಒಂದನ್ನೂ ತೆರೆದು ನೋಡಲಿಲ್ಲ.

"ಡ್ರೋನನ್ನ ಹೊಳೆಗೆ ಎಸೆದುಬಿಡ್ತೀನಿ ಗುರುಗಳೇ."

"ಹೊಳೆ ನಿನಗೇನು ಮಾಡಿತ್ತೋ?"

ಲೋಹಿತನಿಗೆ ಅಳುವಿನ ನಡುವೆ ನಗು ಬಂತು. "ಕೊನೆಯ ನಿಯಮ ಅದೇ ಇತ್ತಲ್ಲ ಗುರುಗಳೇ. ನಾನೇ ಒಪ್ಪಿಸಿದ್ದೆನಲ್ಲ."

"ಚೆನ್ನಾಗೇ ಒಪ್ಪಿಸಿದ್ದೆ."

"ಡ್ರೋನು ಒಂದು ಗಳಿಗೆಯೂ ನನ್ನ ಕಣ್ಣಿಗೆ ಮರೆಯಾಗಲಿಲ್ಲ. ಅದರ ಕೆಳಗಿದ್ದವರು ಮಾತ್ರ ನನಗೆ ಕಾಣಲಿಲ್ಲ."

"ನನಗೂ ಕಾಣಲಿಲ್ಲ ಕಣೋ. ಆ ಚುಕ್ಕೆ ಇದ್ದ ನೋಟವನ್ನು ಚೆಂದ ಅಂದವನು ನಾನು. ದೂರು ಬಂದರೆ ನಿಲ್ಲಿಸು ಅಂದವನೂ ನಾನೇ. ದೂರು ಹೇಳಲಾರದವರ ನೆನಪು ನನಗೆ ಆಗಬೇಕಿತ್ತು."

ಗುರುಗಳು ತಪ್ಪಾಯಿತು ಅಂದದ್ದನ್ನು ಲೋಹಿತ ಅದುವರೆಗೆ ಕೇಳಿರಲಿಲ್ಲ.

ಗುರುಗಳು ಡ್ರೋನಿನ ಪೆಟ್ಟಿಗೆಯನ್ನು ತರಿಸಿ, ತಾವು ಮಲಗುವ ಚಾಪೆಯ ತಲೆದೆಸೆಗೆ ಇಟ್ಟುಕೊಂಡರು.

"ನಾಳೆಯಿಂದ ಜವರಯ್ಯನ ತೆಪ್ಪದಲ್ಲಿ ಕೂಗುವವನು ನೀನು."

"ಎಷ್ಟು ದಿನ ಗುರುಗಳೇ?"

"ಉತ್ತರ ಬರೋವರೆಗೂ."

ಪೆಟ್ಟಿಗೆ ಮುಚ್ಚಿದ ಸುದ್ದಿಯನ್ನು ಜವರಯ್ಯ ಆ ದಿನವೇ ಊರಿಗೆಲ್ಲ ಮುಟ್ಟಿಸಿದ. ಆದರೂ ಮೊದಲ ದಿನ ಕಟ್ಟೆಗೆ ಯಾರೂ ಬರಲಿಲ್ಲ. ಲೋಹಿತ ಕೂಗಿದರೆ ಗಂಟಲು ಕಟ್ಟಿತು.

"ಏನ್ ಲೋಹಿತಪ್ಪಾ, ಬೆಕ್ಕು ಕೂಗ್ದಂಗೆ ಕೂಗ್ತೀಯಲ್ಲ! ಮೀನೂ ಹೆದರಕ್ಕಿಲ್ಲ," ಅಂತ ಜವರಯ್ಯ ಹಲ್ಲು ಕಿರಿದ.

ಎರಡನೇ ದಿನವೂ ಇಲ್ಲ. ಮೂರನೇ ದಿನವೂ ಇಲ್ಲ. ಕೂಗುವುದು, ಕಾಯುವುದು, ಒಣಗಿದ ಮೆಟ್ಟಿಲು ನೋಡಿ ತಲೆ ತಗ್ಗಿಸುವುದು. ನಾಲ್ಕನೇ ದಿನ ಅವನಿಗೆ ತಡೆಯಲಾಗಲಿಲ್ಲ.

"ಖಾಲಿ ಇದೆ ಅಂತ ಗೊತ್ತಲ್ಲ ಜವರಯ್ಯ. ಯಾಕೆ ಕಾಯಬೇಕು?"

"ಗೊತ್ತು ಅಂತ ನೀನು ನುಗ್ಗಿದ್ರೆ, ಆಮ್ಯಾಕೆ ಯಾರ್ ಬತ್ತಾರೆ?"

ಲೋಹಿತ ಕಾದ. ದಿನಾ ಕೂಗಿ ಕೂಗಿ ಗಂಟಲು ತೆರೆಯಿತು, ದನಿ ಬಂಡೆಗೆ ಬಡಿದು ಹೊಳೆಯಗಲ ಹರಡುವಷ್ಟು.

ಹನ್ನೊಂದನೇ ದಿನ ಬಂಡೆಯಾಚೆ ಬಟ್ಟೆ ಒಗೆಯುವ ಸದ್ದು. ಲೋಹಿತ ಬಾಯಿಗೆ ಕೈ ಅಡ್ಡ ಹಿಡಿದ.

"ಹೂಯ್! ತೆಪ್ಪ ಬತ್ತಾ ಅದೇ!"

ಸದ್ದು ನಿಂತಿತು. ಯಾರೋ ಯಾರಿಗೋ ಏನೋ ಅಂದರು. ಕಿಸಕ್ಕನೆ ನಗು ಕೇಳಿಸಿತು. ಆಮೇಲೆ ತಾಯಮ್ಮನ ದನಿ.

"ಬರ್ಲಿ ಬರ್ಲಿ!"

ಆ ಹೊತ್ತಿನಲ್ಲಿ ಲೋಹಿತನಿಗಾದ ಸಂತೋಷ ಇಷ್ಟಿಷ್ಟಲ್ಲ. ಅವನು ಏಳಲು ಹೋಗಿ ತೆಪ್ಪ ಮಗುಚುವ ಹಾಗಾಯಿತು. ಜವರಯ್ಯ ಬೈದು ಕೂರಿಸಿದ.

ಅವತ್ತು ಆಶ್ರಮಕ್ಕೆ ಸೊಪ್ಪು ಬಂತು, ಮಡಿಲು ತುಂಬ. ಗುರುಗಳು ಎರಡು ಸಲ ಸಾರು ಬಡಿಸಿಕೊಂಡರು.

ಊಟವಾದ ಮೇಲೆ ತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಗುರುಗಳನ್ನು ಕೇಳಿದಳು. "ಎಲ್ಲಿ ಬುದ್ಧೀ, ಆ ಜೀರುಂಡೆ? ತೋರ್ಸಿ ನೋಡನ."

ಲೋಹಿತ ಪೆಟ್ಟಿಗೆ ತೆರೆದು ತೋರಿಸಿದ. ಅವಳು ಅದರ ರೆಕ್ಕೆ ಮುಟ್ಟಿದಳು, ಹೊಟ್ಟೆಯ ಮೇಲಿನ ಸಂಖ್ಯೆ ಸವರಿದಳು. ಗುರುಗಳ ಮಂಡಿಯ ಕಥೆ, ಗುಡ್ಡದ ಕಥೆ ಎಲ್ಲ ಕೇಳಿದಳು.

"ಇಷ್ಟೇಯಾ! ಅದ್ನ ಮೊದ್ಲೇ ಬಂದು ಹೇಳಿದ್ರೆ ಯಾರ್ ಬ್ಯಾಡ ಅಂತಿದ್ರು?" ಅಂದಳು. "ಬೆಳಿಗ್ಗೆ ಬ್ಯಾಡ. ಹೊತ್ತು ಇಳಿಯೋ ಮುಂಚೆ ಹಾರಿಸ್ಕೊ. ಹೊಳೆ ಮೇಲ್ಗಡೆಗೆ ಹೋಗ್ಲಿ, ಕಟ್ಟೆ ಕಡೆ ತಿರುಗಿಸ್ಬ್ಯಾಡ. ಒಂದೊಂದ್ಸಲ ಯಾರಾದ್ರೂ ಆ ಹೊತ್ತಲ್ಲೂ ಮೀಯೋಕೆ ಇಳೀತಾರೆ. ಕೂಗು. ಕೂಗೋದು ಮಾತ್ರ ಬಿಡ್ಬ್ಯಾಡ."

ಮಾರನೆಯ ದಿನ ಸಂಜೆ ಗಾಳಿ ನಿಂತಿತ್ತು. ಆಕಾಶ ತಿಳಿಯಾಗಿತ್ತು. ಲೋಹಿತ ಗುರುಗಳನ್ನು ಕೈಹಿಡಿದು ದಡದವರೆಗೆ ನಡೆಸಿಕೊಂಡು ಬಂದು, ಒಂದು ಕಲ್ಲಿನ ಮೇಲೆ ಕೂರಿಸಿದ. ನಕ್ಷೆ ನೋಡಿದ, ಹಸಿರು. ಬ್ಯಾಟರಿ ನೋಡಿದ, ತುಂಬಿದೆ. ರೆಕ್ಕೆಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದ, ಬಿಗಿಯಾಗಿವೆ.

ಆಮೇಲೆ ಬಂಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದ.

"ಹೂಯ್! ಡ್ರೋನು ಹಾರ್ತದೇ!"

ಕಾದ.

ಬಂಡೆಯಾಚೆಯಿಂದ ಒಂದು ಹೆಣ್ಣುದನಿ ತೇಲಿ ಬಂತು, ಯಾವ ಅಂಜಿಕೆಯೂ ಇಲ್ಲದ ದನಿ.

"ತಡಿಯಪ್ಪೋ! ಈಗ್ತಾನೆ ಇಳ್ದಿದೀನಿ!"

ಲೋಹಿತ ನಕ್ಕ. ಡ್ರೋನನ್ನು ಮಡಿಲಲ್ಲಿ ಇಟ್ಟುಕೊಂಡು ಗುರುಗಳ ಪಕ್ಕದಲ್ಲಿ ಕೂತ. ನೀರಿನ ಮೇಲೆ ಬಿಸಿಲು ಹಣ್ಣಾಗುತ್ತಿತ್ತು. ಆಚೆ ಕಡೆಯವಳಿಗೆ ಅವಸರವೇನೂ ಇದ್ದಂತಿರಲಿಲ್ಲ, ಹಾಡೊಂದನ್ನು ಗುನುಗುತ್ತಿದ್ದಳು.

ಹೊತ್ತು ಇಳಿಯತೊಡಗಿತು. ಲೋಹಿತ ಆಕಾಶ ನೋಡಿದ.

"ಇವತ್ತು ಹಾರಿಸೋಕೆ ಆಗಲ್ಲ ಅನ್ಸುತ್ತೆ ಗುರುಗಳೇ."

ಗುರುಗಳು ಕಾಲು ನೀಡಿ, ಮಂಡಿ ನೀವಿಕೊಳ್ಳುತ್ತಾ ಹೇಳಿದರು.

"ಕೂಗಿ ಕಾಯ್ತಾ ಇದ್ದೀಯಲ್ಲೋ, ಅದೂ ಹಾರಿಸೋದೇ. ಕೂತಿರು."