ಆಲದ ಹಾಲಿನ ಓಲೆ

ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತುಕೊಳ್ಳಿ. ಶಿವನನ್ನು ಒಮ್ಮೆ ನೆನೆದು ಬಾಯಿ ತೆರೆಯುತ್ತೇನೆ. ಅವನು ಆಡಿಸಿದಷ್ಟು ಆಡುತ್ತೇನೆ.

ಬಿಳಿಗಲ್ಲು ಎಂದೊಂದು ರಾಜ್ಯ. ಅದಕ್ಕೆ ವೀರಮಲ್ಲನೆಂಬ ದೊರೆ. ಕೋಟೆಯ ಮುಂದೆ ಹೊಳೆ, ಹೊಳೆಯಾಚೆ ಹಗೆಯ ಸೀಮೆ. ಆ ಸೀಮೆಯ ಗುಡ್ಡದ ಮೇಲೆಯೇ ಶಿವನ ಗುಡಿ. ರಾಜ್ಯ ಎರಡಾದರೂ ದೇವರು ಒಬ್ಬನೇ ನೋಡಿ. ಅದಕ್ಕೇ ಸೋಮವಾರ ಸೋಮವಾರ ಈ ದಡದಿಂದ ಹೂವು, ಹಾಲು, ಎಣ್ಣೆ ಹೊತ್ತವರು ಆಚೆಗೆ ಹೋಗಿ ಬರುತ್ತಿದ್ದರು. ಅವರನ್ನು ಎರಡು ದಡದವರೂ ತಡೆಯುತ್ತಿರಲಿಲ್ಲ.

ಕೋಟೆಯೊಳಗೆ ಗುರುಪಾದಯ್ಯನೆಂಬ ಮುದಿ ಗುರುಗಳು ಒಂದು ಮಠ ನಡೆಸುತ್ತಿದ್ದರು. ದೊರೆಯ ಓಲೆ ಒಯ್ಯುವವರಿಗೆ ಅಲ್ಲಿ ಗುಟ್ಟಿನ ಬರಹ ಕಲಿಸುತ್ತಿದ್ದರು. ಆ ವರ್ಷ ಮೂವರು ಶಿಷ್ಯರು. ಇಬ್ಬರು ಅರಮನೆಯವರ ಗಂಡುಮಕ್ಕಳು, ಒಬ್ಬಳು ಅಂಬಿಗರ ಕೆಂಚವ್ವ. ಅವಳ ತಾಯಿಯ ತವರು ಆಚೆ ದಡದಲ್ಲಿತ್ತು.

ಗುರುಗಳು ಮೊದಲ ಪಾಠದಲ್ಲಿ ಬಟ್ಟೆಯ ಮೇಲೆ ನಿಂಬೆರಸದಲ್ಲಿ ಬರೆದರು. ಒಣಗಿದ ಮೇಲೆ ಬರೀ ಬಟ್ಟೆ. ದೀಪದ ಕಾವಿಗೆ ಹಿಡಿದರೆ ಅಕ್ಷರ ಕಂದು ಬಣ್ಣಕ್ಕೆ ಎದ್ದು ಬಂತು. ಎರಡನೆಯ ಪಾಠದಲ್ಲಿ ಓಲೆಗರಿಯ ಕೆಲವು ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿದರು. ಬಿಸಿಲಿಗೆ ಹಿಡಿದು ಚುಚ್ಚಿದ ಅಕ್ಷರ ಮಾತ್ರ ಓದಿದರೆ ಒಳಗಿನ ಮಾತು ಸಿಕ್ಕಿತು. ಮೂರನೆಯ ಪಾಠಕ್ಕೆ ಆಲದ ಮರದ ಹಾಲು ತಂದು ಮುಂಗೈ ಮೇಲೆ ಬರೆದರು. ಒಣಗಿದಾಗ ಏನೂ ಕಾಣಲಿಲ್ಲ. ಮೇಲೆ ಬೂದಿ ತಿಕ್ಕಿದರೆ ಹಾಲು ಇದ್ದಲ್ಲೆಲ್ಲ ಬೂದಿ ಅಂಟಿಕೊಂಡು ಬೆಳ್ಳಗೆ ಬರಹ ನಿಂತಿತು.

"ಮನುಷ್ಯರ ಕಣ್ಣಿಗೆ ಇಷ್ಟೆಲ್ಲ ಮರೆ ಮಾಡಬಹುದು ಮಕ್ಕಳೇ," ಎಂದರು ಗುರುಗಳು. "ಶಿವನ ಮುಂದೆ ಮಾತ್ರ ಎಲ್ಲವೂ ತೆರೆದ ಓಲೆ. ಇದು ನೆನಪಿದ್ದವರು ಮಾತ್ರ ಈ ವಿದ್ಯೆ ಕಲೀಬೇಕು."

ಹೀಗಿರುವಾಗ ಕೋಟೆಗೆ ಕೇಡು ಹೊಕ್ಕಿತು. ದವಸದ ಗಾಡಿಗಳು ಕಳ್ಳದಾರಿಯಲ್ಲಿ ಬರುತ್ತಿದ್ದವು, ಹಗೆಗಳು ಮೊದಲೇ ಬಂದು ಕಾದಿದ್ದರು. ದೊರೆ ಹೊಳೆದಡದ ಕಾವಲು ಬದಲಾಯಿಸಿದ, ಹಗೆಗಳಿಗೆ ಗೊತ್ತಾಯಿತು. ದಳವಾಯಿ ಕಾಡಿನಲ್ಲಿ ದಂಡು ಅಡಗಿಸಿದ, ಅದೂ ಗೊತ್ತಾಯಿತು. ಒಂದಲ್ಲ, ಎರಡಲ್ಲ, ಮೂರು ಸಲ.

ಆಮೇಲೆ ಊರಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆ? ಬಾವಿಕಟ್ಟೆಯಲ್ಲಿ ಹೆಂಗಸರ ಮಾತು ನಿಂತಿತು. ಎಲೆ ಅಡಿಕೆ ಕೊಟ್ಟರೆ ಮಡಿಕೆ ಬಿಚ್ಚಿ ನೋಡಿ ಬಾಯಿಗೆ ಹಾಕಿಕೊಂಡರು. ಅಣ್ಣ ಕೆಮ್ಮಿದರೆ ಸನ್ನೆಯೇನೋ ಎಂದು ತಮ್ಮ ತಿರುಗಿ ನೋಡಿದ.

ದೊರೆ ಕೋಟೆಯ ಬಾಗಿಲು ಹಾಕಿಸಿದ. ಸೋಮವಾರದ ದೇವರ ಹೊರೆಗೆ ಮಾತ್ರ ತೆಗೆಯಬೇಕು, ಅವರನ್ನೂ ಅಡಿಯಿಂದ ಮುಡಿಯವರೆಗೆ ಶೋಧಿಸಬೇಕು ಎಂದು ಅಪ್ಪಣೆಯಾಯಿತು.

ಆಗ ಅರಮನೆಯ ಪಾರುಪತ್ತೇಗಾರ ಶಾಂತವೀರಪ್ಪ ಎದ್ದು ನಿಂತ. ಉಗ್ರಾಣದ ಬೀಗದಕೈ ಅವನದು, ದೇವರ ಹೊರೆಯ ಮುಂದಾಳತ್ವವೂ ಅವನದೇ. ಮಾತು ಬೆಣ್ಣೆಯಂಥದು.

"ಮಹಾಸ್ವಾಮಿ, ಈ ಊರಲ್ಲಿ ಕಣ್ಣಿಗೆ ಕಾಣದ ಬರಹ ಯಾರಿಗೆ ಬರುತ್ತೆ? ಆ ಮಠದವರಿಗೆ. ಅವರಲ್ಲಿ ಆಚೆ ದಡದ ನೆಂಟಸ್ತಿಕೆ ಯಾರಿಗಿದೆ? ನಾನು ಹೆಸರು ಹೇಳೋದಿಲ್ಲ. ಹೆಣ್ಣುಮಗಳು, ಪಾಪ."

ಕೆಂಚವ್ವನ ಚೀಲ ಹುಡುಕಿದರು. ಒಂದು ಬಿಳಿ ಬಟ್ಟೆ ಸಿಕ್ಕಿತು. ದೀಪಕ್ಕೆ ಹಿಡಿದರೆ ಅಕ್ಷರ ಎದ್ದಿತು: ಹೊಳೆ ತುಂಬಿದೆ, ದೋಣಿ ಕಟ್ಟಿರಿ.

"ಅದು ಅಭ್ಯಾಸಕ್ಕೆ ಬರೆದದ್ದು ಬುದ್ಧಿ," ಎಂದಳು ಕೆಂಚವ್ವ. "ನಮ್ಮಪ್ಪ ದಿನಾ ಹೇಳೋ ಮಾತು. ಬರೀ ಅಂದಾಗ ಬೇರೇನೂ ಹೊಳೀಲಿಲ್ಲ."

ಯಾರು ನಂಬುತ್ತಾರೆ? ಜೊತೆಯ ಶಿಷ್ಯರಿಬ್ಬರೂ ತಲೆ ತಗ್ಗಿಸಿ ನಿಂತರು. ಬರುವ ಮಂಗಳವಾರ ಅವಳನ್ನು ಕೋಟೆಯ ಬಂಡೆಯಿಂದ ಕೆಳಕ್ಕೆ ನೂಕಬೇಕು ಎಂದು ದೊರೆ ತೀರ್ಪು ಕೊಟ್ಟ.

ಗುರುಗಳು ಸೆರೆಮನೆಗೆ ಹೋದರು. ಕಂಬಿಯಾಚೆ ಶಿಷ್ಯೆ, ಈಚೆ ಗುರು.

"ಮಗಳೇ, ಒಂದು ಕೇಳ್ತೀನಿ. ಯೋಚನೆ ಮಾಡಿ ಹೇಳು. ಪಾಠ ನಡೆವಾಗ ನಾವು ನಾಲ್ವರಲ್ಲದೆ ಬೇರೆ ಯಾರಾದರೂ ಇದ್ದರಾ?"

"ಮೊದಲನೇ ಪಾಠಕ್ಕೆ ಯಾರೂ ಇರಲಿಲ್ಲ. ಎರಡನೇದಕ್ಕೂ ಇಲ್ಲ. ಮೂರನೇ ಪಾಠದ ದಿನ ಪಾರುಪತ್ತೇಗಾರರು ದೀಪದ ಎಣ್ಣೆ ಅಳೆದು ಕೊಡೋಕೆ ಬಂದಿದ್ರು ಅಯ್ಯನೋರೆ. ಅರ್ಧ ಸೇರು ಎಣ್ಣೆ. ಪಾಠ ಮುಗಿಯೋವರೆಗೂ ಅಳೀತಾನೇ ಇದ್ರು."

ಗುರುಗಳು ಹಣೆಗೆ ಕೈ ಹಚ್ಚಿದರು. "ತಪ್ಪು ನನ್ನದು ತಾಯಿ. ಬಾಗಿಲು ಹಾಕದೆ ಪಾಠ ಹೇಳಿದೆ."

ಹಿಂದಿರುಗುವಾಗ ಅವರು ಉಗ್ರಾಣದ ಹಿಂದಿನ ಆಲದ ಮರದ ಬಳಿ ನಿಂತರು. ಬುಡದಲ್ಲಿ ಮೂರು ಹಳೆಯ ಕಚ್ಚು. ಮೂರೂ ಚಾಕುವಿನ ಗುರುತು. ಅನುಮಾನ ಬಂತು. ಆದರೆ ಅನುಮಾನದಿಂದಲೇ ತಾನೆ ಕೆಂಚವ್ವ ಸೆರೆಗೆ ಹೋದದ್ದು? ಕಣ್ಣಾರೆ ಕಾಣದೆ ಇನ್ನೊಬ್ಬರ ಹೆಸರು ಎತ್ತಬಾರದು ಎಂದುಕೊಂಡು ಸುಮ್ಮನೆ ಮಠಕ್ಕೆ ಹೋಗಿ ಜಪಕ್ಕೆ ಕೂತರು. ದೊರೆಗೆ ಒಂದೇ ಮಾತು ಹೇಳಿಕಳಿಸಿದರು: ಸೋಮವಾರ ಬೆಳಗ್ಗೆ ತಾವು ಬಾಗಿಲ ಬಳಿ ಬರಬೇಕು.

ಸೋಮವಾರ ಬಂತು. ಕೋಟೆಯ ಬಾಗಿಲಿಗೆ ಹೋಗುವ ಮುಂಚೆ ಗುರುಗಳು ಆಲದ ಮರವನ್ನು ನೋಡಿಕೊಂಡು ಬಂದರು. ನಾಲ್ಕನೆಯ ಕಚ್ಚು ಬಿದ್ದಿತ್ತು. ಹಾಲು ಇನ್ನೂ ಜಿನುಗುತ್ತಿತ್ತು.

ಬಾಗಿಲಲ್ಲಿ ದೊರೆಯೂ ಬಂದು ನಿಂತಿದ್ದ. ಕಾವಲುಗಾರರು ಹೂವಿನ ಗೌರಜ್ಜಿಯ ಬುಟ್ಟಿ ಸುರಿದು ನೋಡಿದರು.

"ಹುಡುಕಪ್ಪಾ ಹುಡುಕು," ಎಂದಳು ಅಜ್ಜಿ. "ನನ್ನ ಮೈಯಲ್ಲಿ ಸುಕ್ಕು ಬಿಟ್ಟರೆ ಬೇರೇನೂ ಸಿಗೋದಿಲ್ಲ."

ಹಾಲಿನವನ ಬಿಂದಿಗೆಯಲ್ಲಿ ಕೈಯಾಡಿಸಿದರು. ಪಾರುಪತ್ತೇಗಾರನ ಎಣ್ಣೆ ಕೊಡ, ಶಲ್ಯ, ಸೊಂಟದ ಚೀಲ ಎಲ್ಲ ನೋಡಿದರು. ಏನೂ ಇಲ್ಲ.

ಗುರುಗಳು ವಿಭೂತಿಯ ಬಟ್ಟಲು ಹಿಡಿದು ಮುಂದೆ ಬಂದರು. "ಶಿವನ ಹೊರೆ ಹೊತ್ತವರು ಬರೀ ಮೈಯಲ್ಲಿ ಹೋಗಬಾರದು."

ಗೌರಜ್ಜಿ ಹಣೆಗೂ ತೋಳಿಗೂ ಬಳಿದುಕೊಂಡಳು. ಹಾಲಿನವನು ಹಣೆ, ಎದೆ, ಎರಡು ತೋಳಿಗೆ ಮೂರು ಮೂರು ಪಟ್ಟೆ ಎಳೆದುಕೊಂಡ. ಶಾಂತವೀರಪ್ಪ ಮಾತ್ರ ಹಣೆಗೊಂದು ಚಿಟಿಕೆ ಮುಟ್ಟಿಸಿ, ಮಿಕ್ಕದ್ದನ್ನು ಶಲ್ಯದ ತುದಿಗೆ ಕಟ್ಟಿಕೊಂಡ.

"ತೋಳಿಗೆ?" ಎಂದರು ಗುರುಗಳು.

"ಗುಡೀಲಿ ಹಚ್ಕೋತೀನಿ ಅಯ್ಯನೋರೆ. ಬೆವರಿಗೆ ಹೋಗಿಬಿಡುತ್ತೆ."

"ಸರಿಯಪ್ಪ. ಹಾಗಾದರೆ ಒಂದು ಬೇಡಿಕೆ. ನಾಳೆ ನನ್ನ ಶಿಷ್ಯೆ ಸಾಯ್ತಾಳೆ. ಇಷ್ಟು ವರ್ಷ ದೇವರ ಎಣ್ಣೆ ಹೊತ್ತ ಕೈ ನಿನ್ನದು. ಆ ಕೈ ಒಮ್ಮೆ ಕಣ್ಣಿಗೊತ್ತಿಕೊಳ್ಳಲಾ? ಮುದುಕನಿಗೆ ಧೈರ್ಯ ಬರಲಿ."

ದೊರೆಯ ಎದುರಿಗೆ ಇಂಥ ಮರ್ಯಾದೆ ಯಾರಿಗೆ ಬೇಡ? ಶಾಂತವೀರಪ್ಪ ಹಿಗ್ಗಿ ಬಲಗೈ ಚಾಚಿದ.

ಬಲಗೈಯಲ್ಲಿ ಬರೆಯುವವನು ಯಾವ ಕೈ ಮೇಲೆ ಬರೆಯುತ್ತಾನೆ ಮಕ್ಕಳೇ? ನಿಮಗೂ ಗೊತ್ತು, ಗುರುಗಳಿಗೂ ಗೊತ್ತಿತ್ತು. ಬಲಗೈ ಕಣ್ಣಿಗೊತ್ತಿಕೊಂಡರು. ಹಾಗೆಯೇ ಶಲ್ಯದೊಳಗಿದ್ದ ಎಡಗೈಯನ್ನೂ ಹಿಡಿದು ತಂದರು. ಅವರ ಎರಡು ಅಂಗೈಯಲ್ಲೂ ವಿಭೂತಿ ತುಂಬಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆಲ್ಲಗೆ ಸವರಿದರು. ಶಾಂತವೀರಪ್ಪ ಕೈ ಕಿತ್ತುಕೊಳ್ಳಲು ನೋಡಿದ. ಅಷ್ಟರಲ್ಲಿ ಶಿವನ ಬೂದಿ ತನ್ನ ಕೆಲಸ ಮುಗಿಸಿತ್ತು.

ದೊರೆ ಬಾಗಿ ಗಟ್ಟಿಯಾಗಿ ಓದಿದ: "ಗುರುವಾರ. ಹಿಂದಿನ ದಿಡ್ಡಿಬಾಗಿಲು. ಕಾವಲಿಲ್ಲ."

ಗೌರಜ್ಜಿ ಬುಟ್ಟಿ ಎತ್ತಿಕೊಳ್ಳುತ್ತ, "ನನ್ನ ಸುಕ್ಕೇ ವಾಸಿ," ಎಂದಳು.

ಕೆಂಚವ್ವನನ್ನು ಅಲ್ಲಿಗೇ ಕರೆತಂದು ದೊರೆ ತಾನೇ ಬೇಡಿ ಬಿಚ್ಚಿದ. ಶಾಂತವೀರಪ್ಪನನ್ನು ಬಂಡೆಗೆ ಒಯ್ಯಿರಿ ಎಂದ. ಗುರುಗಳು ಅಡ್ಡ ಬಂದರು. "ಜೀವ ಕೊಟ್ಟವನು ಶಿವ, ದೊರೆಯೇ. ತೆಗೆಯೋದು ನಮಗೆ ಬೇಡ. ಇವನು ಆಚೆಗೆ ಹೊರಟಿದ್ದನಲ್ಲ, ಹೋಗಲಿ. ಆ ಬೂದಿ ಒರೆಸಬೇಡಿ."

ಹಾಗೇ ಕಳಿಸಿದರು. ಎದ್ದುನಿಂತ ಅಕ್ಷರ ಕಂಡು, ಗುಟ್ಟು ಒಡೆದಿದೆ ಎಂದು ಹಗೆಗಳು ಅವನನ್ನು ದೋಣಿಯಿಂದ ಇಳಿಯಗೊಡಲಿಲ್ಲ. ಈಚೆಯವರೂ ಇಳಿಸಿಕೊಳ್ಳಲಿಲ್ಲ. ಎರಡು ದಡಕ್ಕೂ ಎರವಾಗಿ ಹೊಳೆಗುಂಟ ಕೆಳಕ್ಕೆ ಹೋದವನು ಮತ್ತೆ ಬರಲಿಲ್ಲ.

"ಇನ್ನು ಈ ವಿದ್ಯೆ ಸಾಕು, ಮಠ ಮುಚ್ಚಿಬಿಡಿ," ಎಂದ ದೊರೆ.

"ಮಠ ಮುಚ್ಚೋದು ಬೇಡ ಬುದ್ಧಿ," ಎಂದಳು ಕೆಂಚವ್ವ. "ಪಾಠ ಹೇಳುವಾಗ ಬಾಗಿಲು ಮುಚ್ಚಿದರೆ ಸಾಕು."

ಅಂದಿನಿಂದ ಬಾಗಿಲು ಹಾಕುವ ಕೆಲಸ ಅವಳದೇ ಆಯಿತು. ಮುಂದೆ ಗುರುಗಳ ಜಾಗವೂ ಅವಳದೇ ಆಯಿತು.

ನೀತಿ ಇಷ್ಟೇ ಮಕ್ಕಳೇ: ವಿದ್ಯೆ ಬಲ್ಲವರೆಲ್ಲ ಕಳ್ಳರಲ್ಲ, ದೇವರ ಹೊರೆ ಹೊತ್ತವರೆಲ್ಲ ಭಕ್ತರಲ್ಲ. ಕಣ್ಣಾರೆ ಕಾಣದೆ ಯಾರನ್ನೂ ದೂರಬೇಡಿ. ಎಷ್ಟೇ ಬಚ್ಚಿಟ್ಟು ಬರೆದರೂ ಓದುವವನೊಬ್ಬ ಮೇಲಿದ್ದಾನೆ.

ಅವನಿಗೆ ಕೈಮುಗಿದು ಏಳಿ. ನನ್ನ ಕಥೆ ಅವನ ಪಾದಕ್ಕೆ, ಕಥೆಯ ಬುದ್ಧಿ ನಿಮ್ಮ ಪಾಲಿಗೆ.