ತೆರ್ತುಲ್ಲಮ್ಮನವರ ಅಂಗಳದ ಕೂಸು

ರೋಮ್ ನಗರದಲ್ಲಿ, ತಿಬೇರ್ ನದಿಯ ಆಚೆ ದಡದಲ್ಲಿ, ಚರ್ಮ ಹದಮಾಡುವವರ ಕೇರಿಯ ಕೊನೆಗೆ ಸಾಧ್ವಿ ತೆರ್ತುಲ್ಲಮ್ಮನವರು ವಾಸವಾಗಿದ್ದರು. ಒಂದು ಕೋಣೆ, ಒಂದು ಅಂಗಳ, ಕೆಲವು ಮೇಕೆಗಳು, ಅವರಿಗಿದ್ದುದು ಇಷ್ಟೇ. ಪ್ರಭು ಕ್ರಿಸ್ತರ ನಾಮವನ್ನು ಸ್ಮರಿಸುವವರನ್ನು ಅಧಿಕಾರಿಗಳು ಹುಡುಕಿ ಹಿಡಿಯುತ್ತಿದ್ದ ಕಾಲವದು. ಬೇಡವಾದ ಶಿಶುವನ್ನು ಮನೆಯಿಂದ ಹೊರಗೆ ಹಾಕಿಸುವ ಹಕ್ಕು ಅಲ್ಲಿನ ತಂದೆಗಿತ್ತು. ಹಾಗೆ ಕಸದ ದಿಬ್ಬದ ಮೇಲೆ ಬಿಟ್ಟುಹೋದ ಕೂಸುಗಳನ್ನು ತೆರ್ತುಲ್ಲಮ್ಮನವರು ಎತ್ತಿ ತಂದು, ಮೇಕೆಯ ಹಾಲೆರೆದು ಸಾಕುತ್ತಿದ್ದರು. ಕೆಲವು ಉಳಿಯುತ್ತಿದ್ದವು. ಅನೇಕವು ಉಳಿಯುತ್ತಿರಲಿಲ್ಲ.

ಅದೇ ಕೇರಿಯ ಅವಿತುಸನೂ ತನಗೆ ಹುಟ್ಟಿದ ಹೆಣ್ಣುಕೂಸನ್ನು ಆ ದಿಬ್ಬಕ್ಕೆ ಕಳುಹಿಸಿದ್ದನು. ಹೆಂಡತಿ ರುಫಿಲ್ಲಳು ಕಾಲು ಹಿಡಿದು ಬೇಡಿದರೂ ಅವನ ಮನಸ್ಸು ಕರಗಲಿಲ್ಲ. ಆ ಚಳಿಗಾಲದಲ್ಲಿ ಕೇರಿಗೆ ವಿಷಜ್ವರ ಹೊಕ್ಕಿತು. ರುಫಿಲ್ಲಳು ಮಗಳನ್ನು ಕರೆಯುತ್ತಲೇ ಪ್ರಾಣ ಬಿಟ್ಟಳು. ಅಂದಿನಿಂದ ಅವಿತುಸನಿಗೆ ಊಟ ರುಚಿಸದಾಯಿತು, ಕೆಲಸದಲ್ಲಿ ಕೈ ಓಡದಾಯಿತು. ಕ್ರೈಸ್ತರು ಎಳೆಗೂಸುಗಳನ್ನು ಬಲಿಕೊಟ್ಟು ರಕ್ತ ಕುಡಿಯುತ್ತಾರೆಂದು ಪೇಟೆಯ ಜನ ಆಡಿಕೊಳ್ಳುತ್ತಿದ್ದರು. ಹಿಂದೆ ನಗುತ್ತಾ ಕೇಳಿಸಿಕೊಂಡಿದ್ದ ಆ ಮಾತು ಈಗ ಅವನ ಎದೆಯನ್ನು ಕೊರೆಯತೊಡಗಿತು.

ದಿಬ್ಬದ ಕೂಸುಗಳನ್ನು ಎತ್ತಿಕೊಂಡು ಹೋಗುವವರು ಕ್ರೈಸ್ತರೇ ಎಂದು ತಿಳಿದಿದ್ದ ಅವನು ಒಂದು ಬೆಳಿಗ್ಗೆ ಸಾಧ್ವಿಯವರ ಅಂಗಳಕ್ಕೆ ನುಗ್ಗಿದನು. ತನ್ನ ಕೂಸನ್ನು ಒಪ್ಪಿಸದಿದ್ದರೆ ಕೇರಿಯ ಕ್ರೈಸ್ತರೆಲ್ಲರನ್ನೂ ಕಾವಲು ಪಡೆಗೆ ಹಿಡಿದುಕೊಡುವೆನೆಂದು ಕೂಗಾಡಿದನು. ಆದರೆ ಅಲ್ಲಿ ಬಲಿಪೀಠವೂ ಇಲ್ಲ, ಕತ್ತಿಯೂ ಇಲ್ಲ. ಹಗ್ಗದ ಮೇಲೆ ಒದ್ದೆ ಬಟ್ಟೆಗಳಿದ್ದವು, ಬುಟ್ಟಿಗಳಲ್ಲಿ ಕೂಸುಗಳು ಅಳುತ್ತಿದ್ದವು. ತೆರ್ತುಲ್ಲಮ್ಮನವರು ಅವನ ಮಾತು ಮುಗಿಯುವವರೆಗೂ ಕಾದರು. ಯಾವ ಕೂಸು ಯಾರದೆಂದು ತಮಗೆ ತಿಳಿಯದೆಂದೂ, ಅವನ ಮಗಳು ಇಲ್ಲಿರಬಹುದು, ಮಣ್ಣು ಸೇರಿರಲೂಬಹುದು ಎಂದೂ ತಿಳಿಸಿದರು. ಬಳಿಕ ತಮ್ಮ ಮಡಿಲಿನಲ್ಲಿ ಏದುಸಿರು ಬಿಡುತ್ತಿದ್ದ ಹೆಣ್ಣುಕೂಸೊಂದನ್ನು ಅವನತ್ತ ನೀಡಿದರು.

"ಇದು ಇನ್ನು ಹೆಚ್ಚು ಹೊತ್ತು ಇರುವುದಿಲ್ಲ. ತೆಗೆದುಕೊಳ್ಳಪ್ಪ."

"ಇದು ನನ್ನ ಮಗುವೇ?"

"ಗೊತ್ತಿಲ್ಲ. ಆದರೆ ಮಗಳನ್ನು ಕೇಳಿಕೊಂಡು ಇಲ್ಲಿಗೆ ಬಂದ ತಂದೆ ನೀನೊಬ್ಬನೇ."

ಅವಿತುಸನು ಕೈಚಾಚಿ ಅದನ್ನು ತೆಗೆದುಕೊಂಡನು. ಗೋಡೆಗೆ ಒರಗಿ ಕುಳಿತು, ಕೂಸನ್ನು ಎದೆಗೆ ಅವುಚಿಕೊಂಡನು. ಮುಖದಲ್ಲಿ ರುಫಿಲ್ಲಳ ಹೋಲಿಕೆಯನ್ನು ಹುಡುಕಿದನು. ಒಮ್ಮೆ ಇದೆಯೆನಿಸಿತು, ಮರುಕ್ಷಣ ಇಲ್ಲವೆನಿಸಿತು. ಕೂಸು ಅವನ ಕರೆಗಟ್ಟಿದ ಬೆರಳನ್ನು ಬಿಗಿಯಾಗಿ ಹಿಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಹಿಡಿತ ಸಡಿಲವಾಯಿತು. ಸಾಧ್ವಿಯವರು ಅವನನ್ನು ಜರೆಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬಿಸಿನೀರು ತಂದಿಟ್ಟರು. ಆ ಪುಟ್ಟ ದೇಹವನ್ನು ಅವನೇ ತೊಳೆದನು.

ಊರಾಚೆ ನೆಲದಡಿಯ ಸುರಂಗಗಳಲ್ಲಿ ಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದರು. ಅಂದು ಗೋಡೆಯ ಗೂಡಿನಲ್ಲಿ ಕೂಸನ್ನಿಟ್ಟು, ಗೋರಿ ತೋಡುವವನು ಗೂಡಿನ ಬಾಯಿಗೆ ಕಲ್ಲು ಮುಚ್ಚಿ ಗಾರೆ ಮೆತ್ತಿದನು. ಹಸಿ ಗಾರೆಯ ಮೇಲೆ ಏನು ಬರೆಯಲೆಂದು ಅವನು ತೆರ್ತುಲ್ಲಮ್ಮನವರನ್ನು ಕೇಳಿದನು. ಅವರು ಉತ್ತರಿಸುವ ಮೊದಲೇ ಅವಿತುಸನು ಮುಂದೆ ಬಂದನು.

"ಅವಿತುಸನ ಮಗಳು ಎಂದು ಬರೆಯಿರಿ."

ಇಲ್ಲಿ ಹೆಸರು ಬರೆಸಿದವರನ್ನು ಸೈನಿಕರು ಕ್ರೈಸ್ತರೆಂದೇ ಎಣಿಸುತ್ತಾರೆ, ತಲೆಗೇ ಸಂಚಕಾರ ಬಂದೀತು ಎಂದು ಗೋರಿ ತೋಡುವವನು ಎಚ್ಚರಿಸಿದನು. ಅವಿತುಸನು ತಿಳಿಯಿತೆಂಬಂತೆ ತಲೆಯಾಡಿಸಿದನು, ಆದರೆ ಅಕ್ಷರಗಳೆಲ್ಲ ಮೂಡುವವರೆಗೂ ಅಲ್ಲಿಂದ ಕದಲಲಿಲ್ಲ.

ಕ್ರಿಸ್ತರ ಪುನರುತ್ಥಾನವನ್ನು ನೆನೆಯುವ ಮುಂದಿನ ಪಾಸ್ಖ ಹಬ್ಬದಲ್ಲಿ ಅವನು ಜ್ಞಾನಸ್ನಾನ ಪಡೆದು ಕ್ರೈಸ್ತನಾದನು. ಆ ವರ್ಷವೇ ಸೈನಿಕರು ತೆರ್ತುಲ್ಲಮ್ಮನವರನ್ನು ಕರೆದೊಯ್ದರು. ಅವರು ಮರಳಿ ಬರಲಿಲ್ಲ. ಕೇರಿಯ ಜನ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ, ಅವರ ಅಂಗಳದ ತಬ್ಬಲಿ ಮಕ್ಕಳಿಗೆ ಹಾಲೆರೆಯುತ್ತಾ ಅವಿತುಸನೊಬ್ಬನೇ ಅಲ್ಲಿ ಉಳಿದನು.