ಬಿಳಿ ಬಿಟ್ಟ ಮೂರು ಜಾಗ

"ಗುರುಗಳೇ, ಅಣ್ಣನ ಮೇಲಿನ ಸಿಟ್ಟನ್ನು ಬಿಟ್ಟೆ. ನಾಲ್ಕು ವರ್ಷದಿಂದ ಅವನ ಹೆಸರೆತ್ತಿಲ್ಲ, ಅವನ ಮನೆಯಿರುವ ಬೀದಿಯನ್ನೂ ತುಳಿದಿಲ್ಲ. ಆದರೂ ನೆಮ್ಮದಿ ಯಾಕಿಲ್ಲ?" ಎಂದು ಶಿಷ್ಯ ಕೇಳಿದ.

"ನೀನು ಅವನ ಹೆಸರೆತ್ತುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಚೆನ್ನಾಗಿ ಗೊತ್ತು," ಎಂದು ಗುರುಗಳು ನಕ್ಕು, ಈ ಕತೆ ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಸೇನೆಯವರು ಗಡಿಯ ಕಣಿವೆಯೊಂದರಿಂದ ಎಬ್ಬಿಸಿ ಬಯಲಿಗೆ ಕಳಿಸಿದ್ದ ಒಂದು ಊರಿನ ಜನ ಅವನ ಕೈಹಿಡಿದು, "ನಮ್ಮನ್ನಂತೂ ಅಲ್ಲಿಗೆ ಬಿಡುವುದಿಲ್ಲ. ನಮ್ಮ ಗುಡ್ಡವನ್ನು ಬರೆದು ತಂದುಕೊಡಪ್ಪ. ಮಕ್ಕಳು ಅದನ್ನು ನೋಡೇ ಇಲ್ಲ," ಎಂದರು. ಅವನು ಮಾತು ಕೊಟ್ಟ. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಆರನೆಯ ವರ್ಷಕ್ಕೆ ಮೂರೇ ಮೂರು ದಿನದ ಅನುಮತಿ ಸಿಕ್ಕಿತು. ಅದೂ ಸೇನೆಯ ಅಧಿಕಾರಿ ನೋಡಿ ಮೊಹರು ಒತ್ತಿದರೆ ಮಾತ್ರ ಚಿತ್ರ ಹೊರಗೆ ಹೋಗಬಹುದಿತ್ತು.

ಮೊದಲ ದಿನ ಕಂಡದ್ದೆಲ್ಲ ಬರೆದ. ಅಧಿಕಾರಿ ಅದನ್ನು ಕಿತ್ತಿಟ್ಟುಕೊಂಡು, ಕಾವಲುಠಾಣೆ, ಸೇತುವೆ, ರಸ್ತೆ ಕಾಣಕೂಡದು ಎಂದ.

ಚಿತ್ರಗಾರ ಹಟವಾದಿ. ಇರುವುದನ್ನು ಬೇಕಾದರೆ ಬಿಟ್ಟೇನು, ಇಲ್ಲದ್ದನ್ನು ಕಲ್ಪಿಸಿ ಬರೆಯಲಾರೆ ಎಂಬುದು ಅವನ ವ್ರತ. ಎರಡನೆಯ ದಿನ ಗುಡ್ಡವನ್ನೆಲ್ಲ ಬರೆದು ಆ ಮೂರು ಜಾಗದಲ್ಲಿ ಮಾತ್ರ ಕಾಗದವನ್ನು ಬಿಳಿ ಬಿಟ್ಟ.

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಏನ್ರೀ ಇದು? ಠಾಣೆ ಎಲ್ಲಿದೆ ಅಂತ ನಮ್ಮ ನಕ್ಷೆಯೂ ಇಷ್ಟು ಸ್ಪಷ್ಟವಾಗಿ ತೋರಿಸೋದಿಲ್ಲ!"

ಚಿತ್ರಗಾರನಿಗೆ ಮುಖ ಸುಟ್ಟಂತಾಯಿತು. ಉಳಿದದ್ದು ಒಂದೇ ದಿನ. ಬರಿಗೈಯಲ್ಲಿ ಹೋಗಿ ಆ ಜನಕ್ಕೆ ಏನು ಹೇಳುವುದು? ಬರೆಯದೆ ಇಲ್ಲಿಂದ ಕದಲುವುದಿಲ್ಲ ಎಂದು ಹಲ್ಲುಕಚ್ಚಿ ನಿಂತ. ಕುರಿ ಮೇಯಿಸಲು ಪಾಸು ಪಡೆದು ಅಲ್ಲೇ ಉಳಿದಿದ್ದ ಆ ಊರಿನ ಮುದುಕಿಯೊಬ್ಬಳಿದ್ದಳು. ಅವಳ ಬಳಿ ಹೋಗಿ, "ಅಜ್ಜೀ, ಇವೆಲ್ಲ ಬರುವುದಕ್ಕೆ ಮುಂಚೆ ಇಲ್ಲಿ ಏನಿತ್ತು?" ಎಂದು ಕೇಳಿದ.

"ಠಾಣೆ ಇರುವಲ್ಲಿ ಒಂದು ದೊಡ್ಡ ಬಂಡೆ ಇತ್ತು. ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಸೇತುವೆ ಯಾಕೆ ಬೇಕಿತ್ತು ಮಗಾ, ಹಳ್ಳದಲ್ಲಿ ಮೊಣಕಾಲುದ್ದ ನೀರು. ರಸ್ತೆ ಹೋಗಿದೆಯಲ್ಲ, ಅದು ನಮ್ಮ ಗೋಧಿಹೊಲ," ಎಂದಳು. ಬಂಡೆಯ ಬಣ್ಣ, ಹೊಲದ ಬದು ಎಲ್ಲವನ್ನೂ ಅವನು ಕೇಳಿ ತಿಳಿದುಕೊಂಡ. ಇವೆಲ್ಲ ಒಂದು ಕಾಲಕ್ಕೆ ಅಲ್ಲಿ ಇದ್ದವೇ; ಇಲ್ಲದ್ದನ್ನು ಕಲ್ಪಿಸುವ ಮಾತೇ ಇರಲಿಲ್ಲ. ಕೂತು ಬರೆದ.

ಅಧಿಕಾರಿ ಚಿತ್ರವನ್ನು ಗುಡ್ಡಕ್ಕೆ ಎದುರಾಗಿ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ಬಹಳ ಹೊತ್ತು ನೋಡಿದ. ತಾನು ದಿನವೂ ನಿಲ್ಲುವ ಠಾಣೆ ಚಿತ್ರದಲ್ಲಿ ಎಲ್ಲಿ ಬರಬೇಕಿತ್ತು ಎಂಬುದು ಅವನಿಗೇ ಗೊತ್ತಾಗಲಿಲ್ಲ. ಮೊಹರು ಒತ್ತಿದ. ಬಯಲಿನಲ್ಲಿ ಹಿರಿಯರು ಆ ಬಂಡೆಯ ಮೇಲೆ ಬೆರಳಿಟ್ಟು ಮಕ್ಕಳಿಗೆ ತೋರಿಸಿದರು.

ಕತೆ ಮುಗಿಯಿತು. ಶಿಷ್ಯ ತಲೆಯೆತ್ತುವ ಮೊದಲೇ ಗುರುಗಳು ಕೇಳಿದರು:

"ಆ ಜಗಳಕ್ಕೆ ಮುಂಚೆ ನಿನ್ನಣ್ಣ ನಿನಗೆ ಏನಾಗಿದ್ದ, ಹೇಳು."